ಎಳ್ಳಮಾವಾಸ್ಯೆಯ ಅಹವಾಲು

ಎಳ್ಳಮಾವಾಸ್ಯೆಯ ದಿನ ಕರಿಹಾಳದಲ್ಲಿ ನಾಯಿಗಳೂ ಇರುವುದಿಲ್ಲ. ರೊಟ್ಟಿ ಬುಟ್ಟಿ ಹೇರಿಕೊಂಡ ಟ್ರ್ಯಾಕ್ಟರುಗಳ ಹಿಂದೆ ಅವೂ ಹೊಲಕ್ಕೆ ಓಡುತ್ತವೆ. ಒಂಬತ್ತು ಗಂಟೆಗೆಲ್ಲ ಕದಗಳಿಗೆ ಕೀಲಿ ಬಿದ್ದರೆ, ಸಂಜೆ ದನ ತಿರುಗುವವರೆಗೆ ಊರಿಗೆ ಹೇಳುವವರಿಲ್ಲ, ಕೇಳುವವರಿಲ್ಲ. ಅಂಥ ದಿನವನ್ನೇ ಹಿಡಿದು ಸರಕಾರ ನಮ್ಮ ಮಾತು ಕೇಳಲು ಬಂತು.

ಬೇಕೆಂದೇ ಆ ದಿನ ಆರಿಸಿದರು ಎಂದು ನಾನು ಹೇಳುವುದಿಲ್ಲ. ಹಾಗೆ ಹೇಳಿದರೆ ಅವರಿಗೆ ನಮ್ಮ ಪಂಚಾಂಗ ಗೊತ್ತಿದೆ ಎಂದು ಒಪ್ಪಿಕೊಂಡಂತಾಗುತ್ತದೆ. ಯಾವುದೋ ಕಚೇರಿಯಲ್ಲಿ ಯಾರೋ ಡಿಸೆಂಬರ್ ಹತ್ತೊಂಬತ್ತು, ಶುಕ್ರವಾರ ಎಂದು ಬರೆದರು, ಮೇಲಿನವರು ಸಹಿ ಹಾಕಿದರು, ಪತ್ರಿಕೆಯಲ್ಲಿ ಬಂತು. ಮುಂದಿನ ನವೆಂಬರಿನಲ್ಲಿ ನಮ್ಮ ಹಿನ್ನೀರಿನ ಮೇಲೆ ದೇಶದ ದೋಣಿ ಸ್ಪರ್ಧೆಗಳು ನಡೆಯಲಿವೆ. ನೋಡಲು ಬರುವವರಿಗೆ ಕೂರಲು ಗ್ಯಾಲರಿ ಬೇಕು, ಅವರ ಕಾರು ನಿಲ್ಲಲು ಜಾಗ ಬೇಕು. ಅದಕ್ಕಾಗಿ ಕರಿಹಾಳದ ದಂಡೆಯ ಹದಿನಾಲ್ಕು ಎಕರೆಗೆ ಗರಸು ಮಣ್ಣು ಹೇರಿ ಆಳೆತ್ತರ ಏರಿಸಬೇಕು. ಹಾಗೆ ಮಾಡಿದರೆ ನೆಲಕ್ಕೆ, ನೀರಿಗೆ ಏನಾದೀತು ಎಂದು ಊರಿನವರನ್ನು ಕೇಳಬೇಕೆಂಬುದು ನಿಯಮ. ಕೇಳಲು ಬರುತ್ತೇವೆ ಎಂದು ಒಂದು ತಿಂಗಳು ಮೊದಲೇ ಡಂಗುರ ಸಾರಬೇಕೆಂಬುದೂ ನಿಯಮ. ಸಾರಿದವಳು ದುರಗವ್ವ.

ದುರಗವ್ವನಿಗೆ ಅರವತ್ತರ ಹತ್ತಿರ. ಮೊದಲು ಅವಳ ಗಂಡ ಅಮಾತೆಪ್ಪ ಒಬ್ಬನೇ ಹಲಗೆ ಬಾರಿಸಿ ಕೂಗುತ್ತಿದ್ದ. ಅವನ ಗಂಟಲು ಬಿದ್ದುಹೋದ ಮೇಲೆ ಹಲಗೆ ಅವನದು, ದನಿ ಇವಳದು ಎಂದಾಯಿತು. ಇಪ್ಪತ್ತು ವರ್ಷ ಹಾಗೇ ನಡೆಯಿತು. ಡ್ಯಾಮಿನಿಂದ ನೀರು ಬಿಡುತ್ತಾರೆ, ಮಕ್ಕಳಿಗೆ ಪೋಲಿಯೊ ಹನಿ ಹಾಕುತ್ತಾರೆ, ಯಾರದೋ ಎಮ್ಮೆ ಕಳೆದಿದೆ, ಇಂಥವರು ಇಂಥ ಮನೆಯಲ್ಲಿ ತೀರಿಕೊಂಡರು, ಎಲ್ಲವೂ ಈ ಇಬ್ಬರಿಂದಲೇ ನಮಗೆ ಮುಟ್ಟುತ್ತಿತ್ತು. ಪ್ರತಿ ಓಣಿಯ ಕೊನೆಗೆ ನಿಂತು ಅಮಾತೆಪ್ಪ ಬಿದ್ದ ಗಂಟಲಲ್ಲೇ ಕೇಳುತ್ತಿದ್ದ: "ಎಲ್ಲಿತನಾ ಮುಟ್ಟಿತ್ರಿ?" ನಾವು "ಆ ತುದಿತನಾ ಮುಟ್ಟೈತಿ ಬಿಡೋ ಮಾರಾಯಾ" ಎಂದರೇ ಅವನಿಗೆ ಸಮಾಧಾನ. ಇಲ್ಲದಿದ್ದರೆ ಇನ್ನೊಂದು ಸಲ ಬಾರಿಸುವನು.

ಆ ಅಮಾತೆಪ್ಪ ಹೋದ ವರ್ಷ ಶ್ರಾವಣದ ಎರಡನೇ ಸೋಮವಾರ ತೀರಿಕೊಂಡ. ಊರಿಗೆ ಅದು ತಿಳಿಯಲೇ ಇಲ್ಲ. ಸಾವಾದ ಮನೆಯವರು ಹಲಗೆ ಮುಟ್ಟುವಂತಿಲ್ಲ, ಅದು ಅವರ ಪದ್ಧತಿ. ಸಾರಲು ಬೇರೆ ಯಾರೂ ಇರಲಿಲ್ಲ. ಈಗ ಊರಲ್ಲಿ ಯಾರು ಸತ್ತರೂ ಫೋನಿನ ಸ್ಟೇಟಸ್ಸಿನಲ್ಲಿ ಫೋಟೊ ಹಾಕಿ ಹೂವು ಹಚ್ಚುತ್ತಾರೆ. ಅಮಾತೆಪ್ಪನದು ಒಂದು ಫೋಟೊ ಕೂಡ ಇರಲಿಲ್ಲ. ಊರಿನ ಸಾವುಗಳನ್ನೆಲ್ಲ ಸಾರಿದವನ ಮಣ್ಣಿಗೆ ಹನ್ನೊಂದು ಜನ ಹೋದರು. ನನಗೆ ಗೊತ್ತಾದದ್ದು ಮೂರನೇ ದಿನ. ಗೊತ್ತಾದ ಮೇಲಾದರೂ ಹೋದೆನೇ? ಇಲ್ಲ. ಸುದ್ದಿ ತಣ್ಣಗಾಗಿತ್ತು, ನಾನೂ ತಣ್ಣಗಿದ್ದೆ.

ಅವನನ್ನು ಹೂಳಿದ್ದು ದಂಡೆಯಲ್ಲಿ, ಐದು ಹುಣಸೆ ಗಿಡಗಳ ಪೈಕಿ ಮೂರನೆಯದರ ಕೆಳಗೆ. ಹೊಲ ಇದ್ದವರು ಸತ್ತರೆ ಹೊಲದಲ್ಲೇ ಮಣ್ಣಾಗುತ್ತಾರೆ, ನಮ್ಮಪ್ಪನೂ ನಮ್ಮ ಹೊಲದ ಬದುವಿನಲ್ಲಿದ್ದಾನೆ. ಹೊಲ ಇಲ್ಲದವರ ಸುಡುಗಾಡು ಹಳೇ ಊರಿನ ಜೊತೆ ನೀರಿನಲ್ಲಿ ಮುಳುಗಿತು. ಸರಕಾರ ಮನೆ ಕಟ್ಟಲು ಮೇಲೆ ಪ್ಲಾಟು ಕೊಟ್ಟಿತು, ಸತ್ತವರಿಗೆ ಪ್ಲಾಟು ಕೊಡುವುದು ನೆನಪಾಗಲಿಲ್ಲ. ಅವರು ತಾವೇ ದಂಡೆಯನ್ನು ಹುಡುಕಿಕೊಂಡರು. ಈಗ ಗರಸು ಬೀಳಬೇಕಾದದ್ದು ಅದೇ ದಂಡೆಗೆ.

ಇನ್ನು ಆ ಡಂಗುರದ ಮಾತು. ದುರಗವ್ವ ಎಂದೂ ತಾರೀಖು ಹೇಳಿದವಳಲ್ಲ. ಚೀಟಿಯಲ್ಲಿ ಏನೇ ಬರೆದಿರಲಿ, ಬೆರಳು ಮಡಚಿ ಲೆಕ್ಕ ಹಾಕಿ "ಅಮಾಸಿ ಆಗಿ ಮೂರನೇ ದಿನ", "ಸಂತಿ ಮರುದಿನ" ಎಂದು ತಿರುಗಿಸಿ ಸಾರುವಳು. ನಮಗೂ ಅದೇ ರೂಢಿ. ತಾರೀಖು ಎಂದರೆ ಬ್ಯಾಂಕಿನ ಮಾತು, ಕಿವಿಯೊಳಗೆ ನಿಲ್ಲುವುದಿಲ್ಲ. ಈ ಸಲ ಪಂಚಾಯ್ತಿ ಕಾರ್ಯದರ್ಶಿ ವಿಜಯಮಹಾಂತೇಶ ಫೋನು ಹಿಡಿದು ಅವಳ ಮುಂದೆ ನಿಂತ.

"ಚೀಟ್ಯಾಗ ಇದ್ದಷ್ಟ ಹೇಳು ದುರಗವ್ವ. ಒಂದಕ್ಷರ ಹೆಚ್ಚು ಕಡಿಮಿ ಆಗಬಾರದು. ವಿಡಿಯೋ ಮ್ಯಾಲಿನವ್ರಿಗಿ ಕಳಸೂದೈತಿ."

ಓದಲು ಬಾರದ ಅವಳಿಗೆ ಮೂರು ಸಲ ಹೇಳಿ ಬಾಯಿಪಾಠ ಮಾಡಿಸಿದ. ಎರಡೂ ಕೈಲಿ ಹಲಗೆ ಬಾರಿಸುತ್ತ ಅವಳು ಡಿಸೆಂಬರ್ ಹತ್ತೊಂಬತ್ತು ಎಂದು ಕೂಗಿದಳು. ಬೆರಳು ಮಡಚಲು ಕೈ ಬಿಡುವಿರಲಿಲ್ಲ. ತಿಂಗಳಿದೆಯಲ್ಲ ಎಂದು ನಾವು ಬೀಡಿ ಹಚ್ಚಿದೆವು.

ಎಳ್ಳಮಾವಾಸ್ಯೆ ನಾಲ್ಕು ದಿನ ಇದೆ ಎನ್ನುವಾಗ, ಮನೆಮನೆಯಲ್ಲಿ ಎಳ್ಳು ಹುರಿಯುವ ವಾಸನೆ ಎದ್ದಾಗ, ಅವಳಿಗೆ ಹೊಳೆಯಿತು. ಪಂಚಾಯ್ತಿಗೆ ಓಡಿದಳು.

"ಸಾಹೇಬ್ರ, ಅವತ್ತ ಎಳ್ಳಮಾಸಿ ಬಂದೈತ್ರಿ. ಊರಾಗ ಒಂದ್ ನರಪಿಳ್ಳಿ ಇರೂದಿಲ್ಲ."

"ಪೇಪರ್ನ್ಯಾಗ ಬಂದೈತಿ. ಈಗೇನ್ ಅಮಾಸೀನ ಮುಂದ ಹಾಕಾಕ ಬರ್ತೈತೇನ?" ಎಂದ ವಿಜಯಮಹಾಂತೇಶ. ಕೆಟ್ಟ ಮನುಷ್ಯನಲ್ಲ. ದನಿ ತಗ್ಗಿಸಿ ಇದ್ದದ್ದನ್ನು ಇದ್ದಂತೆ ಹೇಳಿದ: "ನೋಡು, ಯಾರರೆ ಒಬ್ರು ನಿಂತು ತಕರಾರು ಬರಸಿದ್ರ ಅದು ಮ್ಯಾಲ ಹೋಗ್ತೈತಿ, ಓದ್ತಾರ. ಯಾರೂ ಬಾಯಿ ಬಿಡಲಿಲ್ಲಂದ್ರ ತಕರಾರಿಲ್ಲ ಅಂತ ಬರದು ಹೋಗಿ ಬಿಡ್ತಾರ. ಆಮ್ಯಾಲ ಗರಸಿನ ಲಾರಿ ಬರೂದ."

ಅವಳು ಹಲಗೆ ಇಲ್ಲದೆ ಮನೆಮನೆ ತಿರುಗಿದಳು. ನಮ್ಮ ಕಟ್ಟೆಗೂ ಬಂದಳು.

"ಯಪ್ಪಾ, ಒಂದ್ ತಾಸು ಬಂದು ಹೋಗ್ರಿ. ನನಗ ಸಾಹೇಬ್ರ ಮುಂದ ಮಾತಾಡಾಕ ಬರೂದಿಲ್ಲರಿ. ನೀವು ಹೇಳಿದ್ರ ಕೇಳ್ತಾರ."

"ಚರಗ ಬಿಟ್ಟು ಹೆಂಗ ಬರ್ಲಿ ದುರಗವ್ವ? ಭೂಮಿತಾಯಿ ಊಟ ಅದು. ನೀನ ನಮ್ಮ ಹೊಲಕ್ಕ ಉಣ್ಣಾಕ ಬಾ," ಎಂದೆ. ಮಾತು ಸುಳ್ಳಲ್ಲ. ಆ ದಿನ ಹೊಸ ಜೋಳದ ಬೆಳೆಗೆ ಹಬ್ಬದಡುಗೆಯ ಚರಗ ಚೆಲ್ಲದೆ ಯಾವ ರೈತನೂ ಊರಲ್ಲಿ ಉಳಿಯುವುದಿಲ್ಲ. ಆದರೆ ಒಂದು ತಾಸು ಹೋಗಿ ಬಂದಿದ್ದರೆ ಭೂಮಿತಾಯಿ ಮುನಿಯುತ್ತಿರಲಿಲ್ಲ ಎಂಬುದೂ ಸುಳ್ಳಲ್ಲ. ನಿಜ ಹೇಳಬೇಕೆಂದರೆ ದಂಡೆಯಲ್ಲಿ ನನ್ನದೇನೂ ಇರಲಿಲ್ಲ. ಕ್ರೀಡಾಕೂಟ ಬಂದರೆ ರಸ್ತೆಯಾದರೂ ಡಾಂಬರು ಕಾಣುತ್ತದೆ ಎಂಬ ಆಸೆ ಮಾತ್ರ ಇತ್ತು.

ಎಲ್ಲರೂ ಅವಳಿಗೆ ಅದನ್ನೇ ಹೇಳಿದರಂತೆ: ನಮ್ಮ ಹೊಲಕ್ಕ ಬಾ. ಇಷ್ಟು ಜನ ಕರೆದ ಮೇಲೆ ಯಾರದೋ ಟ್ರ್ಯಾಕ್ಟರಿನಲ್ಲಿ ಹೋಗಿರುತ್ತಾಳೆ ಎಂದು ಎಲ್ಲರೂ ತಿಳಿದೆವು. ಅಮಾತೆಪ್ಪ ಇರುವಾಗ ನನ್ನ ಹೆಂಡತಿ ಗುರುಲಿಂಗವ್ವ ಕೇರಿಯ ಮುಂದೆ ಟ್ರ್ಯಾಕ್ಟರ್ ನಿಲ್ಲಿಸಿ ಇಬ್ಬರನ್ನೂ ಹತ್ತಿಸಿಕೊಳ್ಳುತ್ತಿದ್ದಳು. ಈ ವರ್ಷ ಯಾವ ಟ್ರ್ಯಾಕ್ಟರೂ ಅಲ್ಲಿ ನಿಲ್ಲಲಿಲ್ಲ. ಕೇರಿಯವರೂ ತಾವು ದುಡಿಯುವ ಹೊಲಗಳಿಗೆ ಹೋಗಿದ್ದರು.

ಮುಂದಿನದನ್ನು ನನಗೆ ಹೇಳಿದವನು ಶಾಮಿಯಾನದ ಜಾಫರಸಾಬ. ಶಾಲೆ ಬಯಲಿನಲ್ಲಿ ಮುನ್ನೂರು ಕುರ್ಚಿ ಹಾಕಿ, ಕಂಬಕ್ಕೆ ನಾಲ್ಕು ಮೈಕಿನ ಹಾರ್ನು ಕಟ್ಟಿದ್ದ. ಇನ್ನೂರು ಜನಕ್ಕೆ ಉಪ್ಪಿಟ್ಟು ಆಗಿತ್ತು. ದೂರದ ಊರಿನ ಹಿರಿಯ ಅಧಿಕಾರಿ, ಕ್ರೀಡಾಕೂಟದ ಸಮಿತಿಯವರಿಬ್ಬರು, ವರದಿ ಬರೆದ ಕಂಪನಿಯ ಒಬ್ಬ, ಬರೆದುಕೊಳ್ಳಲು ಇಳಕಲ್ಲಿನ ಹುಡುಗಿ ಐಶ್ವರ್ಯ, ಇಬ್ಬರು ಪೊಲೀಸರು, ಒಂದು ಕ್ಯಾಮೆರಾ. ಸಾರ್ವಜನಿಕರ ಕಡೆಯಿಂದ ದುರಗವ್ವ, ಶಾಮಿಯಾನದ ಕಂಬಕ್ಕೆ ಆತು ನೆಲದ ಮೇಲೆ. ಜಾಫರಸಾಬ ಕುರ್ಚಿ ಸರಿಸಿಕೊಟ್ಟರೂ ಕೂರಲಿಲ್ಲ.

"ಜನ ಎಲ್ಲಿ?" ಎಂದರು ಅಧಿಕಾರಿ.

"ಬರ್ತಾರ ಸರ್," ಎಂದ ವಿಜಯಮಹಾಂತೇಶ. ಹನ್ನೆರಡರವರೆಗೆ ಅದನ್ನೇ ಐದು ಸಲ ಹೇಳಿದ.

ಹನ್ನೆರಡಕ್ಕೆ ಸಭೆ ಶುರುವಾಯಿತು. ಕಂಪನಿಯವನು ನಲವತ್ತು ನಿಮಿಷ ವರದಿ ಓದಿದ. ದಂಡೆಯ ಜಾಗ ಯಾವ ಉಪಯೋಗಕ್ಕೂ ಇಲ್ಲದ ಬಂಜರು, ಅಲ್ಲಿಗೆ ನೀರು ಏರಿದ ದಾಖಲೆ ಇಲ್ಲ ಎಂದ. ಕುರ್ಚಿಗಳು ತಕರಾರು ಮಾಡಲಿಲ್ಲ. ಅಧಿಕಾರಿ ಎದ್ದು, ಯಾರಾದರೂ ಮಾತನಾಡುವುದಿದೆಯೇ ಎಂದು ನಿಯಮದ ಪ್ರಕಾರ ಮೂರು ಸಲ ಕೇಳಿದರು. ಆಮೇಲೆ ಐಶ್ವರ್ಯಳ ಕಡೆ ತಿರುಗಿದರು.

"ಬರೆದುಕೊಳ್ಳಮ್ಮ. ಆಕ್ಷೇಪಣೆ ಯಾವುದೂ..."

"ನಂದೈತ್ರಿ," ಎಂದು ದುರಗವ್ವ ಕಂಬ ಹಿಡಿದು ಎದ್ದಳು.

ವಿಜಯಮಹಾಂತೇಶನಿಗೆ ಗಾಬರಿ. "ಸರ್, ಆಕಿ ಡಂಗುರದಾಕಿರಿ. ಪಂಚಾಯ್ತಿ ಕಡೆಯಾಕಿ. ಸಾರ್ವಜನಿಕರಾಗ ಬರೂದಿಲ್ಲ."

ಅಧಿಕಾರಿ ಮುನ್ನೂರು ಕುರ್ಚಿ ನೋಡಿದರು, ಅವಳನ್ನು ನೋಡಿದರು. "ಈ ಊರಿನವರು ತಾನೇ? ಮಾತಾಡಲಿ."

ಜಾಫರಸಾಬ ಮೈಕು ತಂದು ಕೈಗಿಟ್ಟ. ದುರಗವ್ವ ಬಾಯಿ ತೆರೆದಳು. "ನಾ..." ಎಂದಳು. ಮುಂದೆ ಏನೂ ಬರಲಿಲ್ಲ. ಜೀವಮಾನವಿಡೀ ಬೇರೆಯವರ ಮಾತು ಕೂಗಿದ ಬಾಯಿ ಅದು. ಅದರಲ್ಲಿ 'ನಾ' ಎಂದು ಶುರುವಾಗುವ ಮಾತು ಯಾರ ಮುಂದೆಯೂ ಬಂದಿರಲಿಲ್ಲ. ಕ್ಯಾಮೆರಾದವನು ಗಡಿಯಾರ ನೋಡಿಕೊಂಡ. ಆಮೇಲೆ ಅವಳು ಮೈಕನ್ನು ಅವನಿಗೆ ವಾಪಸು ಕೊಟ್ಟು, ಮೂಲೆಯಲ್ಲಿಟ್ಟಿದ್ದ ಹಲಗೆಯನ್ನು ಹೆಗಲಿಗೆ ಹಾಕಿಕೊಂಡು ಬಾರಿಸಿಯೇಬಿಟ್ಟಳು. ಪೊಲೀಸರು ಎದ್ದು ನಿಂತರು.

"ಕೇಳ್ರಪ್ಪೋ ಕೇಳ್ರೀ! ಊರ ದೈವಕ್ಕ, ಸಮಸ್ತ ಮಂದಿಗೆ ತಿಳಸೂದೇನಂದ್ರ, ದಂಡಿಗೆ ನೀರು ಬಂದಿಲ್ಲ ಅಂತ ಬರದಾರ. ದೊಡ್ಡ ನೆರಿ ಬಂದ ವರ್ಷ ನಾಕನೇ ಹುಣಸಿ ಗಿಡದ ಬುಡಕ್ಕ ನೀರಿತ್ತು. ಅದರ ಹಿಂದಿನ ವರ್ಷ ಎರಡನೇ ಗಿಡಕ್ಕ ಬಂದು ನಿಂತಿತ್ತು. ನೀರು ಬಿಡ್ತಾರ ಅಂತ ಸಾರಿದವ್ರು ನಾವ, ಎಲ್ಲಿತನಾ ಬಂತಂತ ನೋಡಿದವ್ರೂ ನಾವ! ಅಲ್ಲಿ ಗರಸು ಏರಿಸಿದ್ರ ಹಳ್ಳದ ನೀರು ಹೊಳಿಗೆ ಹೋಗಾಕ ಹಾದಿಲ್ಲ. ತಿರುಗಿ ಕೇರಿ ಮನ್ಯಾಗ ನುಗ್ಗತೈತಿ!"

ಹಲಗೆ ಹಿಡಿದ ಮೇಲೆ ಅವಳ ನಾಲಿಗೆಗೆ ತಡೆ ಇರಲಿಲ್ಲ. ಐಶ್ವರ್ಯ ಬಗ್ಗಿ ಬರೆಯತೊಡಗಿದಳು.

"ಕೇಳ್ರಪ್ಪೋ ಕೇಳ್ರೀ! ದಂಡಿ ಉಪಯೋಗಿಲ್ಲ ಅಂತ ಬರದಾರ. ಅಲ್ಲಿ ಮೂವತ್ತೇಳು ಮಂದಿ ಅದಾರ! ಕುರಿ ಕಾಯೂ ಹುಲಿಗೆಪ್ಪ, ಕಾರಹುಣ್ಣಿಮಿ ಮರುದಿನ ತೀರಿಕೊಂಡಾನ. ಸೂಲಗಿತ್ತಿ ಯಮನವ್ವ, ನಾಗರಪಂಚಮಿ ದಿನ ತೀರಿಕೊಂಡಾಳ..."

ಹೆಸರಿಗೊಂದು ಪೆಟ್ಟು. ಸಾವಿನ ಸುದ್ದಿ ಸಾರುವ ಪೆಟ್ಟು ಬೇರೆ ಇರುತ್ತದೆ, ನಿಧಾನ, ನಡುವೆ ಉಸಿರು ಬಿಡುವಷ್ಟು ಜಾಗ. ಅವಳು ಎಲ್ಲೂ ತಡವರಿಸಲಿಲ್ಲ. ಒಂದೊಂದು ಸಾವನ್ನೂ ಒಮ್ಮೆ ಓಣಿಓಣಿಯಲ್ಲಿ ಕೂಗಿ ಮುಗಿಸಿದವಳು. ಹೆಸರು, ಕಸುಬು, ತಿಥಿ ಮೂರೂ ಒಟ್ಟಿಗೇ ಬಂದವು. ಸಮಿತಿಯವನೊಬ್ಬ ಅಧಿಕಾರಿಯ ಕಿವಿಯಲ್ಲಿ ಏನೋ ಹೇಳಲು ಹೋದ. ಅವರು ಕೈಯಿಂದಲೇ ಸುಮ್ಮನಿರಿಸಿದರು.

ದುರಗವ್ವ ನಿಲ್ಲಿಸಿದಾಗ ಅವರೇ ಕೇಳಿದರು: "ಮೂವತ್ತೇಳು ಎಂದಿರಿ. ನಾನು ಎಣಿಸಿದೆ, ಮೂವತ್ತಾರಾಯಿತು."

ಅವಳು ಹಲಗೆಯನ್ನು ಹೆಗಲಿಂದ ತೆಗೆದು ಕೆಳಗಿಟ್ಟಳು. ದನಿ ಸಣ್ಣದಾಗಿತ್ತು. "ಇನ್ನೊಂದು ನನ್ನ ಮನಿಯವ್ರದ್ರಿ. ಅದನ್ನ ನಾ ಸಾರೂಹಂಗಿಲ್ಲ."

"ಸಾರಬ್ಯಾಡಬೇ. ನನಗ ಹೇಳು, ಬರ್ಕೊಂತೇನಿ," ಎಂದಳು ಐಶ್ವರ್ಯ.

ಗಂಡನ ಹೆಸರು ಹೇಳಿ ಅಭ್ಯಾಸವಿಲ್ಲದ ದುರಗವ್ವ ತಲೆ ತಗ್ಗಿಸಿದಳು. ಮೈಕಿನ ಪೆಟ್ಟಿಗೆಯ ಹಿಂದಿನಿಂದ ಜಾಫರಸಾಬ ಹೇಳಿದ: "ಅಮಾತೆಪ್ಪ ಅಂತ ಬರೀವಾ. ಡಂಗುರದ ಅಮಾತೆಪ್ಪ. ಹೋದ ವರ್ಷ ಶ್ರಾವಣ, ಎರಡನೇ ಸ್ವಾಮಾರ. ಮಣ್ಣಿಗೆ ನಾ ಇದ್ದೆ."

ಸಭೆ ಮುಗಿಯಬೇಕಿತ್ತು. ಆದರೆ ಬರೆದುಕೊಂಡದ್ದನ್ನೆಲ್ಲ ಕೊನೆಗೆ ಜನರಿಗೆ ಕನ್ನಡದಲ್ಲಿ ಓದಿ ಹೇಳಬೇಕೆಂಬ ನಿಯಮವೂ ಇದೆಯಂತೆ. ಸಮಿತಿಯವನು "ಯಾರಿಗೆ ಓದುವುದು ಸಾರ್, ಬಿಡಿ" ಎಂದ. ಅಧಿಕಾರಿ ದುರಗವ್ವನನ್ನು ಮುಂದಿನ ಸಾಲಿನ ಕುರ್ಚಿಯಲ್ಲಿ ಕೂರಲು ಹೇಳಿ, "ಇವರಿಗೆ ಓದು" ಎಂದರು. ಐಶ್ವರ್ಯ ಮೈಕಿನ ಮುಂದೆ ನಿಂತಳು. ಸಾಹೇಬರ ಕಿವಿಗೆ ನೋವಾಗದಿರಲೆಂದು ದನಿ ಇಳಿಸಿಟ್ಟಿದ್ದ ಜಾಫರಸಾಬ ಈಗ ಅದನ್ನು ಪೂರ್ತಿ ಏರಿಸಿದ. ಯಾಕೆ ಏರಿಸಿದೆ ಎಂದರೆ, "ಕೈ ತಾನ ಹೋತು ನೋಡ್ರಿ" ಎನ್ನುತ್ತಾನೆ.

ಆಗ ನಾವು ಹೊಲದಲ್ಲಿ ಬನ್ನಿ ಗಿಡದ ಕೆಳಗೆ ಊಟಕ್ಕೆ ಕೂತಿದ್ದೆವು. ಸಜ್ಜೆ ರೊಟ್ಟಿ, ಎಣ್ಣೆಗಾಯಿ, ಎಳ್ಳು ಹೋಳಿಗೆ. ಗಾಳಿ ಊರ ಕಡೆಯಿಂದ ಬೀಸುತ್ತಿತ್ತು. ಹಾರ್ನಿನಲ್ಲಿ ಹುಡುಗಿಯೊಬ್ಬಳು ಹೆಸರು ಓದುವುದು ಕೇಳಿ, "ಯಾವುದೋ ಯೋಜನೆ ಪಟ್ಟಿ ಓದಾಕ ಹತ್ತ್ಯಾರ, ನಮ್ಮ ಹೆಸರು ಬರ್ತೈತೇನು ನೋಡ್ರಿ" ಎಂದು ನಾನೇ ನಗಿಸಿದೆ. ಮುಂದಿನ ಹೆಸರಿಗೇ ನನ್ನ ನಗು ನಿಂತಿತು. ಸೂಲಗಿತ್ತಿ ಯಮನವ್ವ ನನ್ನನ್ನು ಈ ಲೋಕಕ್ಕೆ ಎಳೆದವಳು. ಅವಳು ಸತ್ತು ಹನ್ನೆರಡು ವರ್ಷವಾಗಿತ್ತು.

ಹೆಸರುಗಳು ಬರುತ್ತಲೇ ಇದ್ದವು. ಪಕ್ಕದ ಹೊಲಗಳಲ್ಲೂ ಮಾತು ನಿಂತದ್ದು ಗೊತ್ತಾಯಿತು. ಕೊನೆಗೆ ಆ ಹುಡುಗಿ ಉಸಿರು ತೆಗೆದುಕೊಂಡು ಓದಿದಳು:

"ಮೂವತ್ತೇಳು. ಡಂಗುರದ ಅಮಾತೆಪ್ಪ. ಹೋದ ವರ್ಷ ಶ್ರಾವಣದ ಎರಡನೇ ಸೋಮವಾರ ತೀರಿಕೊಂಡಿರುತ್ತಾರೆ. ದಂಡೆಯ ಮೂರನೇ ಹುಣಸೆ ಗಿಡದ ಕೆಳಗೆ ಇರುತ್ತಾರೆ. ಈ ಜಾಗಕ್ಕೆ ಗರಸು ಹಾಕಬಾರದೆಂದು ಆಕ್ಷೇಪಣೆ. ಆಕ್ಷೇಪಣೆ ಸಲ್ಲಿಸಿದವರು ಅವರ ಪತ್ನಿ ದುರಗವ್ವ. ಹಾಜರಿದ್ದ ಸಾರ್ವಜನಿಕರು, ಒಬ್ಬರು."

ಗುರುಲಿಂಗವ್ವ ಬಾಯಿಗೆ ಒಯ್ದಿದ್ದ ತುತ್ತನ್ನು ಎಡೆಯಲ್ಲಿಟ್ಟಳು. "ದುರಗವ್ವ ಯಾರ ಹೊಲಕ್ಕೂ ಹೋಗಿಲ್ಲೇನ್ರಿ? ನೀವು ಕರದಿದ್ರೆಲ್ಲ?"

ನಾನು ನನ್ನ ಎಡೆ ಸರಿಸಿದೆ.

"ಸತ್ತ ಸುದ್ದಿ ಕೇಳಿ ಎಂಜಲ ಕೈಲೆ ಕುಂದ್ರಬಾರದು. ಏಳ್ರಿ," ಎಂದು ಅವಳು ಕೈ ತೊಳೆದಳು. ಒಂದೂವರೆ ವರ್ಷ ತಡವಾಗಿ ಬಂದ ಸುದ್ದಿಗೆ ನಾನೂ ಎದ್ದು ಕೈ ತೊಳೆದೆ. ಅಕ್ಕಪಕ್ಕದ ಹೊಲಗಳಲ್ಲಿ ಒಬ್ಬೊಬ್ಬರೇ ಎದ್ದು ನಿಂತಿದ್ದು ಕಾಣುತ್ತಿತ್ತು. ಆದರೆ ಊರ ಕಡೆ ಯಾರೂ ಹೊರಡಲಿಲ್ಲ. ನಾಚಿಕೆಯೇ ಇರಬೇಕು. ನನಗೂ ಅದೇ ಆಗಿತ್ತು. ಗುರುಲಿಂಗವ್ವ ರೊಟ್ಟಿ ಹೋಳಿಗೆ ಗಂಟು ಕಟ್ಟಿ ಕೈಗೆ ಕೊಟ್ಟು ದಬ್ಬದಿದ್ದರೆ ನಾನೂ ಅಲ್ಲೇ ನಿಲ್ಲುತ್ತಿದ್ದೆ.

ನಾನು ಸಭೆಯ ಬಯಲು ಮುಟ್ಟುವ ಹೊತ್ತಿಗೆ ಜೀಪುಗಳು ಹೋಗಿದ್ದವು. ಜಾಫರಸಾಬ ಒಬ್ಬನೇ ಕುರ್ಚಿ ಮಡಚುತ್ತಿದ್ದ. ದಂಡೆಯ ಕಡೆ ಕೈ ತೋರಿಸಿದ.

ದುರಗವ್ವ ಮೂರನೇ ಹುಣಸೆ ಗಿಡದ ಹತ್ತಿರ ಇದ್ದಳು. ಎಲೆಯಲ್ಲಿ ಸಭೆಯ ಉಪ್ಪಿಟ್ಟು ತಂದಿದ್ದಳು. ಅದನ್ನು ಚಿಟಿಕೆ ಚಿಟಿಕೆಯಾಗಿ ಸುತ್ತಲೂ ಚೆಲ್ಲುತ್ತಿದ್ದಳು, ನಾವು ಬೆಳಿಗ್ಗೆ ಜೋಳಕ್ಕೆ ಚರಗ ಚೆಲ್ಲಿದ ಹಾಗೆಯೇ. ಅವಳ ಹೊಲ ಅಷ್ಟೇ. ಹಿನ್ನೀರು ಹತ್ತಿರದಲ್ಲೇ ನಿಂತಿತ್ತು, ಗಿಡದಲ್ಲಿ ಒಂದೆರಡು ಕಾಗೆ. ನನ್ನನ್ನು ನೋಡಿ ಸೆರಗು ಸರಿಮಾಡಿಕೊಂಡಳು.

"ತಪ್ಪಾತು ದುರಗವ್ವ," ಎಂದೆ. ಅವಳು ಉಳಿದ ಉಪ್ಪಿಟ್ಟನ್ನೂ ಚೆಲ್ಲಿ ಮುಗಿಸಿದಳು.

ಮೇಲಿನವರು ಏನು ಮಾಡುತ್ತಾರೋ ಇವತ್ತಿನವರೆಗೂ ಗೊತ್ತಾಗಿಲ್ಲ. ಮರೋಳದ ಕಡೆ ಬೇರೆ ಜಾಗ ನೋಡುತ್ತಿದ್ದಾರೆ ಎಂದು ಒಬ್ಬರು, ಗರಸಿನ ಟೆಂಡರು ಆಗಿದೆ ಎಂದು ಇನ್ನೊಬ್ಬರು. ಕಾಗದದಲ್ಲಿ ಮೂವತ್ತೇಳು ಹೆಸರು ಇರುವುದಂತೂ ನಿಜ, ಅರ್ಜಿ ಕೊಟ್ಟು ಪ್ರತಿ ತಂದು ಓದಿದ್ದೇನೆ. ನಾನು ನನ್ನ ಆಕ್ಷೇಪಣೆಯನ್ನೂ ಬರೆದು ಕಳಿಸಿದೆ. ಅವಧಿ ಮುಗಿದಿದೆ ಎಂದು ಉತ್ತರ ಬಂತು.

ಆ ಮಧ್ಯಾಹ್ನ ದುರಗವ್ವ ಖಾಲಿ ಎಲೆಯನ್ನು ನೀರಿಗೆ ಬಿಟ್ಟು, ಹಲಗೆ ಎತ್ತಿ ಹೆಗಲಿಗೆ ಹಾಕಿಕೊಂಡು, ನನ್ನನ್ನು ಒಂದೇ ಒಂದು ಮಾತು ಕೇಳಿದಳು.

"ಎಲ್ಲಿತನಾ ಮುಟ್ಟಿತ್ರಿ?"

"ನಮ್ಮ ಹೊಲದ ಆ ತುದಿತನಾ," ಎಂದೆ. "ಅದರಾಚೆಕೂ ಮಂದಿ ಎದ್ದು ನಿಂತಿದ್ರು."

"ಹಂಗಾರ ಇನ್ನೊಮ್ಮಿ ಸಾರೂದು ಬ್ಯಾಡ," ಎಂದು ಅವಳು ಗಿಡದ ಕಡೆ ತಿರುಗಿ ಹೇಳಿದಳು, ನನಗಲ್ಲ. ಆಮೇಲೆ ಬೀಗ ಬಿದ್ದ ಮನೆಗಳ ನಡುವೆ ಒಬ್ಬಳೇ ಕೇರಿಯ ಕಡೆ ನಡೆದಳು. ರೊಟ್ಟಿಯ ಗಂಟು ನನ್ನ ಕೈಯಲ್ಲೇ ಉಳಿಯಿತು.